ಒಂದೇ ಕಲ್ಲಿನ ಅಣ್ಣ ತಮ್ಮ

ಜಿಲ್ಲೆಯ ಸ್ಮಾರಕಗಳ ಮೇಲ್ವಿಚಾರಕರಾದ ಮಾನ್ಯರೇ,

ಅಲ್ಸಾಸ್‌ನ ನಮ್ಮ ಹಿರ್ಟ್ಸ್‌ಟಾಲ್ ಊರಿನ ಯುದ್ಧಸ್ಮಾರಕದಿಂದ ಜರ್ಮನ್ ಸಮವಸ್ತ್ರದಲ್ಲಿ ಸತ್ತವರ ಹೆಸರುಗಳನ್ನು ಕಿತ್ತು, ಬಸ್ ನಿಲ್ದಾಣದ ಹಿಂಬದಿಯ ಗೋಡೆಗೆ ‘ಇತರ ಮೃತರು’ ಎಂಬ ಫಲಕ ಹಾಕಿಸಬೇಕೆಂದು ತಾವು ಆದೇಶಿಸಿದ್ದೀರಿ. ಇಷ್ಟು ವರ್ಷ ಮಳೆಗೂ ಹಿಮಕ್ಕೂ ಅಳಿಯದ ಹೆಸರುಗಳನ್ನು ಅಳಿಸಲು ಕೊನೆಗೂ ಒಬ್ಬ ದಕ್ಷ ಅಧಿಕಾರಿ ಸಿಕ್ಕರಲ್ಲ, ಅಭಿನಂದನೆಗಳು.

ಆ ‘ಇತರ’ರಲ್ಲಿ ನನ್ನ ಕಿರಿಯ ಸೋದರಮಾವ ಸೆರಾಫಿನ್ ಒಬ್ಬ. ಅವನ ಮೇಲಿನ ಸಾಲಿನಲ್ಲಿರುವ ಥೀಬೋ ಅವನ ಅಣ್ಣ. ಥೀಬೋ ಫ್ರೆಂಚ್ ಸಮವಸ್ತ್ರದಲ್ಲಿ ಸತ್ತಿದ್ದರಿಂದ ತಮ್ಮ ಕೃಪೆಗೆ ಪಾತ್ರನಾಗಿ ಕಲ್ಲಿನ ಮೇಲೇ ಉಳಿಯುತ್ತಾನೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರಲ್ಲಿ ಒಬ್ಬ ವೀರ, ಇನ್ನೊಬ್ಬ ಕಳಂಕ. ಇದು ಹೇಗಾಯಿತೆಂದು ಕೇಳುವ ವ್ಯವಧಾನ ತಮಗಿತ್ತೆ?

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸಿಗೆ ಸೇರಿದ್ದ ನಮ್ಮ ಗಡಿನಾಡನ್ನು ನುಂಗಿ, ನಮ್ಮ ಹುಡುಗರನ್ನು ತಮ್ಮ ಸೈನ್ಯಕ್ಕೆ ಎಳೆಯತೊಡಗಿದ್ದ ಕಾಲ ಅದು. ಕರೆ ಬಂದ ಕೂಡಲೇ ಥೀಬೋ ಕಾಡು ಹಾದು ಸ್ವಿಸ್ ಗಡಿ ದಾಟಿದ. ಮರುದಿನವೇ ಪೊಲೀಸರು ಮನೆಗೆ ಬಂದರು. ಅವರ ಮುಖ್ಯಸ್ಥ ಒಲೆಯ ಪಕ್ಕ ಕೂತು, ಅಣ್ಣತಮ್ಮಂದಿರ ತಾಯಿಯಾದ ನನ್ನ ಅಜ್ಜಿಗೆ ಮೆಲ್ಲಗೆ ಹೇಳಿದನಂತೆ: “ಒಬ್ಬ ಓಡಿಹೋದ, ಸರಿ. ಇನ್ನೊಬ್ಬನೂ ಹೋದ್ರೆ ನೀವೆಲ್ಲ ಗಂಟುಮೂಟೆ ಕಟ್ಕೊಂಡು ಜರ್ಮನಿಯ ಶಿಬಿರಕ್ಕೆ ರೈಲು ಹತ್ತಬೇಕಾಗತ್ತೆ. ಈ ಪುಟ್ಟಿನೂ ಸೇರಿ.” ಪುಟ್ಟಿ ಅಂದರೆ ಅವರಿಬ್ಬರ ಕಿರಿಯ ತಂಗಿ, ನನ್ನ ಚಿಕ್ಕಮ್ಮ ಓದಿಲ್. ಆಗ ಅವಳಿಗೆ ಕ್ಷಯದ ಕೆಮ್ಮು.

ಸೆರಾಫಿನ್‌ಗೂ ಕರೆ ಬಂತು. ಗಡಿ ದಾಟುವ ದಾರಿ ಅವನಿಗೂ ಗೊತ್ತಿತ್ತು. ಅಜ್ಜಿಯೇ ಬುತ್ತಿ ಕಟ್ಟಿಟ್ಟಿದ್ದಳು. “ಹೋಗಿಬಿಡು ಮಗನೇ. ನಮ್ಮದು ಆದ ಹಾಗೆ ಆಗಲಿ.”

“ಈ ಕೆಮ್ಮು ಇಟ್ಕೊಂಡು ಇವಳು ರೈಲಲ್ಲಿ ಬದುಕ್ತಾಳಾ ಅಮ್ಮ?”

“ಅವರ ಅಂಗಿ ತೊಟ್ಕೋತೀಯಾ?”

“ಅಂಗಿ ತಾನೇ. ವಾಪಸ್ ಬಂದು ಬಿಚ್ಚಿ ಒಲೆಗೆ ಹಾಕ್ತೀನಿ.”

ಆ ಬುತ್ತಿ ಹಿಡಿದುಕೊಂಡೇ ಅವನು ಜರ್ಮನರ ರೈಲು ಹತ್ತಿದ. ರಷ್ಯಾದಲ್ಲಿ ಅವಕಾಶ ಸಿಕ್ಕ ಮೊದಲ ದಿನವೇ ಬಂದೂಕು ಎಸೆದು, ಕೈಯೆತ್ತಿ, “ಫ್ರೆಂಚ್, ಫ್ರೆಂಚ್” ಎಂದು ಕೂಗುತ್ತ ರಷ್ಯನ್ನರತ್ತ ನಡೆದ. ಅವರು ನೋಡಿದ್ದು ಅಂಗಿಯನ್ನು. ಜರ್ಮನರ ಜೊತೆಗೇ ಸೆರೆ ಶಿಬಿರಕ್ಕೆ ತಳ್ಳಿದರು. ಅಲ್ಲಿ ಹಸಿವಿನಿಂದ ಸತ್ತ. ಪಕ್ಕದಲ್ಲೇ ಮಲಗುತ್ತಿದ್ದ ನಮ್ಮೂರಿನ ಬಡಗಿ ಬದುಕಿ ಬಂದು ಹೇಳಿದ ಮೇಲಷ್ಟೇ ಅಜ್ಜಿಗೆ ತಿಳಿದದ್ದು. ಥೀಬೋ ಫ್ರೆಂಚ್ ಪಡೆ ಸೇರಿ ನಮ್ಮ ನಾಡನ್ನು ಬಿಡಿಸಲು ಬರುತ್ತ, ಊರಿನಿಂದ ಒಂದು ಗುಡ್ಡದಾಚೆ ಗುಂಡು ತಿಂದ. ಮಾನ್ಯರೇ, ರಷ್ಯನ್ ಕಾವಲುಗಾರ ಅಂದು ಅಂಗಿ ನೋಡಿ ಮನುಷ್ಯನನ್ನು ಅಳೆದ. ಅವನಿಗೆ ಭಾಷೆ ಬರುತ್ತಿರಲಿಲ್ಲ. ತಮಗಿರುವ ನೆಪವೇನು?

ಸ್ಮಾರಕ ಕಟ್ಟುವಾಗ ಅಂದಿನ ಮೇಯರ್ ಕೂಡ ತಮ್ಮಂತೆಯೇ ತಡವರಿಸಿದ್ದರು. ಅಜ್ಜಿ ಅವರಿಗೆ ಹೇಳಿದ್ದು ಇಷ್ಟೇ: “ಇಬ್ರನ್ನೂ ಹೆತ್ತವಳು ನಾನು. ಬೇರೆ ಬೇರೆ ಕಲ್ಲಿಗೆ ಹೆರಲಿಲ್ಲ.” ಆದ್ದರಿಂದಲೇ ಆ ಕಲ್ಲಿನ ಮೇಲೆ ಯಾವ ದೇಶದ ಹೆಸರೂ ಇಲ್ಲ. ‘ಮಡಿದ ನಮ್ಮವರು’ ಎಂದಷ್ಟೇ ಇದೆ. ಅದು ಕೆತ್ತನೆಯ ದೋಷವೆಂದು ತಮ್ಮ ಆದೇಶ ಹೇಳುತ್ತದೆ.

ಕಳೆದ ವಾರ ಅಳತೆಗೆ ಬಂದ ತಮ್ಮ ಸಹಾಯಕರು ಓದಿಲ್ ಚಿಕ್ಕಮ್ಮನಿಗೆ, “ಇದು ಭಾವನೆ ವಿಷಯ ಅಲ್ಲ ಅಜ್ಜಿ, ವರ್ಗೀಕರಣ,” ಎಂದು ತಿಳಿಹೇಳಿದರು. ತೊಂಬತ್ತು ದಾಟಿದ ಅವಳು ಊರುಗೋಲಿನ ಮೇಲೆ ಭಾರ ಹಾಕಿ ಕಲ್ಲನ್ನೇ ನೋಡುತ್ತಿದ್ದಳು.

“ಹಂಗಾದ್ರೆ ಥೀಬೋ ಹೆಸರನ್ನೂ ತೆಗೀರಿ.”

“ಅವರು ವೀರರು ಅಜ್ಜಿ, ಅವರದು ಇರುತ್ತೆ.”

“ತಮ್ಮನನ್ನ ಆಚೆ ಹಾಕಿದ ಜಾಗದಲ್ಲಿ ಅವನು ಒಬ್ಬನೇ ನಿಲ್ಲಲ್ಲ ಕಣಪ್ಪಾ. ನಾಚಿಕೆ ಆಗತ್ತೆ ಅವನಿಗೆ.”

ಆದ್ದರಿಂದ ನಮ್ಮ ಒತ್ತಾಯ ಇದು: ಆದೇಶವನ್ನು ಹಿಂತೆಗೆದುಕೊಳ್ಳಿ. ಆಗದಿದ್ದರೆ ಕೂಲಿಯವನ ಕೈಗೆ ಉಳಿ ಕೊಟ್ಟು ಕಚೇರಿಯಲ್ಲಿ ಕೂರಬೇಡಿ. ತಾವೇ ಬನ್ನಿ. ಯಾರ ಜೀವ ಉಳಿಸಲು ಸೆರಾಫಿನ್ ಆ ಅಂಗಿ ತೊಟ್ಟನೋ ಅವಳು ಕಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಅವಳ ಕಣ್ಣೆದುರಿಗೇ ಮೊದಲ ಏಟು ಹಾಕಿ.

ಇಂತಿ,
ತಮ್ಮ ವರ್ಗೀಕರಣದಲ್ಲಿ ಅರ್ಧ ಮಾತ್ರ ಗೌರವಸ್ಥ ಮನೆಯವಳು,
ಲಿಯೊಂಟೀನ್ ಶಾಫ್ನರ್