ಸಿಟ್ಟಿಗೆ ಕೊಟ್ಟ ಗುಳಿಗೆ

ನಮ್ಮ ಸೀಮೆಯ ಮನೋಕ್ಷೇಮ ಸಮೀಕ್ಷೆಯ ಅಧಿಕಾರಿಗಳಿಗೆ,

ಮಾನ್ಯರೇ, ಕುಲಗೋಡದ ನನ್ನ ಚಿಗವ್ವ ಕೆಂಪವ್ವನಿಗೆ ನಿಮ್ಮ ಪ್ರಶ್ನಾವಳಿ ‘ತೀವ್ರ ಖಿನ್ನತೆ’ ಎಂಬ ಹಣೆಪಟ್ಟಿ ಹಚ್ಚಿತು. ಅವಳಿಗಿದ್ದದ್ದು ಸಿಟ್ಟು. ದುಃಖ ಯಾವುದು, ಸಿಟ್ಟು ಯಾವುದು ಎಂದು ತಿಳಿಯದ ಕಾಗದವನ್ನು ಮನೆಮನೆಗೆ ಹೊರಿಸಿ ಕಳಿಸುವ ನಿಮ್ಮ ಶ್ರದ್ಧೆಗೆ ದೊಡ್ಡ ನಮಸ್ಕಾರ.

ನಮ್ಮ ಕುರಿಗಾರರ ಮನೆಗಳಲ್ಲಿ ಮಗಳಿಗೆ ತವರಿನವರು ಕುರಿ ಕೊಡುತ್ತಾರೆ. ಅವುಗಳ ಕಿವಿಯಲ್ಲಿ ತವರಿನ ಗುರುತು ಇರುತ್ತದೆ, ಅವು ಅವಳವೇ. ಗಂಡ ತೀರಿಕೊಂಡದ್ದೇ ತಡ, ಮೈದುನ ಸಿದ್ರಾಯ ಚಿಗವ್ವನ ಕುರಿಗಳ ಕಿವಿ ಕೊಯ್ದು ತನ್ನ ಗುರುತು ಮಾಡತೊಡಗಿದ. ಅವಳು ಅನ್ನ ನಿದ್ದೆ ಬಿಟ್ಟು ದೊಡ್ಡಿಗೆ ಕಾವಲು ಕೂತಳು, ಹಲ್ಲು ಕಡಿಯುತ್ತ ಅತ್ತಳು. ಆಗ ಪ್ರಶ್ನಾವಳಿ ಹಿಡಿದು ನಿಮ್ಮವನು ಬಂದ. ನಿದ್ದೆ ಬರುತ್ತದೆಯೇ? ಇಲ್ಲ. ಹಸಿವು? ಇಲ್ಲ. ಅಳು? ಬರುತ್ತದೆ.

“ಯಾಕ ಅಳಾಕತ್ತೀನಿ, ಅದನ್ನೂ ಕೇಳೋ ತಮ್ಮಾ,” ಎಂದಳು ಚಿಗವ್ವ.

“ಅದು ಇದರಾಗ ಇಲ್ಲಬೇ ಯವ್ವಾ,” ಎಂದ ಆ ಮಹಾನುಭಾವ.

ಗೋಕಾಕದ ನಿಮ್ಮ ಕಚೇರಿಗೆ ಬಂದು ನಾನು ನಿಮ್ಮನ್ನೇ ಕೇಳಿದೆ. “ನೋಡ್ರಿ ಅಕ್ಕಾರ, ಸಿಟ್ಟು, ದುಃಖ, ಹೆದರಿಕಿ ಎಲ್ಲಾ ಕೂಡೇ ಬರ್ತಾವ. ನಾವು ಒಟ್ಟು ಅಂಕ ನೋಡತೇವಿ,” ಎಂದಿರಿ. ಭೇಷ್! ಜ್ವರ ಬಂದವನ ಮೈಯೂ ಬಿಸಿ, ಬಿಸಿಲಲ್ಲಿ ಕಬ್ಬು ಕಡಿದವನ ಮೈಯೂ ಬಿಸಿ. ಇಬ್ಬರಿಗೂ ಒಂದೇ ಸೂಜಿ ಚುಚ್ಚುತ್ತೀರಾ? ಇಷ್ಟು ಓದಿ ನೀವು ಕಲಿತದ್ದು ಕೂಡಿಸುವ ಲೆಕ್ಕ ಮಾತ್ರವೇ?

ಆ ಅಂಕ ನೋಡಿ ನೀವು ಕೊಟ್ಟ ಗುಳಿಗೆ ನುಂಗಿ ಚಿಗವ್ವ ಹಗಲೆಲ್ಲ ಮಲಗಿದಳು. ‘ತೀವ್ರ ಖಿನ್ನತೆ’ ಎಂದು ಬರೆದುಕೊಟ್ಟ ನಿಮ್ಮ ಚೀಟಿ ಹಿಡಿದು ಸಿದ್ರಾಯ ಊರ ಹಿರಿಯರ ಮುಂದೆ ನಿಂತ. “ತಲಿ ಕೆಟ್ಟಾಕಿ ಕೈಯಾಗ ಕುರಿ ಹೆಂಗ ಕೊಡೂದ್ರಿ?” ಎಂದು ಕೇಳಿದ. ಚೀಟಿಯ ಮೇಲೆ ಒತ್ತಿದ ಸರಕಾರದ ಶಿಕ್ಕೆ ನೋಡಿ ಹಿರಿಯರು ಹೂಂ ಎಂದರು. ಕುರಿಗಳೆಲ್ಲ ಅವನ ದೊಡ್ಡಿ ಸೇರಿದವು. ಕದ್ದವನು ಅವನು, ಸಾಕ್ಷಿ ನೀವು.

ಹೋದ ತಿಂಗಳು ನಿಮ್ಮವನು ಮತ್ತೆ ಬಂದಿದ್ದ. ಈಗ ಅವಳು ಮಲಗುತ್ತಾಳೆ, ಹಾಕಿದ್ದನ್ನು ಉಣ್ಣುತ್ತಾಳೆ, ಅಳುವುದಿಲ್ಲ. ಯಾರು ಏನು ಕೇಳಿದರೂ “ಏನೂ ಇಲ್ಲ” ಎನ್ನುತ್ತಾಳೆ. ಸಿದ್ರಾಯ ಎದುರಿಗೇ ಕುರಿ ಹೊಡೆದುಕೊಂಡು ಹೋದರೂ ತಲೆ ಎತ್ತುವುದಿಲ್ಲ. ನೀವು ‘ಗುಣಮುಖ’ ಎಂದು ಬರೆದಿರಿ. ಸ್ವಾಮೀ, ಅವಳಿಗೆ ಖಿನ್ನತೆ ಬಂದದ್ದು ಈಗ.

ಹಿರಿಯರ ಮುಂದೆ ಬಂದು ಮೊದಲ ಚೀಟಿ ತಪ್ಪೆಂದು ನಿಮ್ಮ ಬಾಯಿಂದಲೇ ಹೇಳಿ. ಅವಳ ಕುರಿ ಅವಳಿಗೆ ಕೊಡಿಸಿ. ಆ ಧೈರ್ಯ ಇಲ್ಲವೇ? ಹಾಗಾದರೆ ಚಿಗವ್ವನ ಎದುರು ಕೂತು, ಅವಳ ಮುಖ ನೋಡುತ್ತ, “ನಿನಗೆ ಗುಣವಾಗಿದೆ” ಎಂದಾದರೂ ಹೇಳಿ ಹೋಗಿ.

ಇಂತಿ,
ಆ ಮನೆಯಲ್ಲಿ ಇನ್ನೂ ಸಿಟ್ಟು ಉಳಿಸಿಕೊಂಡಿರುವ ಒಬ್ಬಳೇ ಒಬ್ಬಳು,
ನಾಗರತ್ನಾ