ಮಂಚದಲ್ಲಿ ಕರೆಂಟು, ಗೋಡೆಯ ಮೇಲೆ ತಮ್ಮ ಸಹಿ

ಗುಂಡ್ಲುಪೇಟೆ, ನವೆಂಬರ್ 1998

ವಿದ್ಯುತ್ ಸುರಕ್ಷತೆಯ ಪರಿವೀಕ್ಷಕರಾದ ಮಾನ್ಯರೇ,

ನಮ್ಮೂರಿನ ನರ್ಸಿಂಗ್ ಹೋಮಿನ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಕಬ್ಬಿಣದ ಮಂಚ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಅಲ್ಲಿನ ವೈರಿಂಗ್ ಸುರಕ್ಷಿತವೆಂದು ತಾವು ಸಹಿ ಹಾಕಿಕೊಟ್ಟ ಸರ್ಟಿಫಿಕೇಟು ಅದೇ ಮಂಚದ ಮೇಲ್ಗಡೆ ಗಾಜಿನ ಕಟ್ಟಿನಲ್ಲಿ ನೇತಾಡುತ್ತಿದೆ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ಕೇಳುವುದಕ್ಕೇ ಈ ಪತ್ರ.

ನಾನು ಮರದ ಮಂಚ, ಬೀರು ಮಾರುವವನು. ಕಳೆದ ವಾರ ನನ್ನ ಮಗಳು ಮಾಹಿರಾ, ಚೊಚ್ಚಲ ಬಸುರಿ, ತಲೆಸುತ್ತು ಬಂದು ಆ ಮಂಚದ ಪಾಲಾದಳು. ಕೈ ತೊಳೆದು ಬಂದು ಮಂಚ ಹಿಡಿದವಳೇ ಕಿರುಚಿ ಕೈ ಕಿತ್ತುಕೊಂಡಳು. ಪಕ್ಕದ ಮಂಚದಲ್ಲಿ ಮಂಡಿನೋವಿಗೆ ಬಂದು ಮಲಗಿದ್ದ ತೆರಕಣಾಂಬಿಯ ದೊಡ್ಡಮಾದಮ್ಮ ಅವಳಿಗೆ ಸಮಾಧಾನ ಹೇಳಿದರು:

“ಎದುರ್ಕಬ್ಯಾಡ ಕಣವ್ವ. ಡಾಕುಟ್ರು ಮಂಚದೊಳ್ಗೇ ಕರೆಂಟ್ ಮಡಗವ್ರೆ. ಮೊನ್ನ ನನ್ನೂ ಇದ್ರಲ್ಲೇ ಮನಗ್ಸಿದ್ರು, ಅರ್ಧ ನೋವು ಓಯ್ತು.”

ಮೈಸೂರಿನಲ್ಲಿ ಮಂಡಿಗೆ ಕರೆಂಟು ಕೊಡುತ್ತಾರೆಂದು ಆಕೆ ಕೇಳಿದ್ದರಂತೆ. ಇಲ್ಲಿ ಬಿಟ್ಟಿ ಸಿಕ್ಕಿತೆಂದು ಖುಷಿ. ಸುದ್ದಿ ಬಸ್ಸು ಹತ್ತಿ ಊರೂರಿಗೂ ಹೋಗಿ, ಈಗ ಕೈಕಾಲು ನೋವಿನವರು ಆ ಮಂಚವನ್ನೇ ಕೇಳಿಕೊಂಡು ಬರುತ್ತಿದ್ದಾರೆ. ಭಲೇ ಮಾನ್ಯರೇ! ಓದದೆ ವೈದ್ಯರಾದವರನ್ನು ಕಂಡಿದ್ದೆ, ವೈರಿಂಗ್ ನೋಡದೆ ವೈದ್ಯರಾದವರು ತಾವೇ ಮೊದಲು.

ಮಂಚಕ್ಕೆ ಬಿಗಿದ ದೀಪದ ವೈರಿನ ಸಿಪ್ಪೆ ಸುಲಿದಿದೆ. ದಾರಿ ತಪ್ಪಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ತಿಂಗ್ ವೈರು ಬೋರ್ಡಿನಿಂದ ಹೊರಟು ಕಿಟಕಿಯ ಸರಳಿಗೆ ಸುತ್ತಿಕೊಂಡು ಅಲ್ಲೇ ನಿಂತಿದೆ. ಅದರ ಮೇಲೆ ಯಾರೋ ಟವೆಲ್ ಒಣಹಾಕಿದ್ದಾರೆ. ಇದು ತಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲವೆಂದು ನರ್ಸಿಂಗ್ ಹೋಮಿನ ಮ್ಯಾನೇಜರ್ ಶಂಕರ್ ಅವರನ್ನು ಕೇಳಿದೆ. ತಾವು ಬಂದದ್ದು ಆಯುಧಪೂಜೆಯ ದಿನವಂತೆ. ಬೋರ್ಡಿಗೆ ಹಾರ ಹಾಕಿ ಕುಂಕುಮ ಇಟ್ಟಿದ್ದರಂತೆ. ಪೂಜೆಯಾದದ್ದನ್ನು ಕದಲಿಸಬಾರದೆಂದು ತಾವು ಬೋರ್ಡಿನ ಬಾಗಿಲು ತೆರೆಯದೆ, ವೈರು ಎಲ್ಲಿಗೆ ಹೋಗುತ್ತದೆಂದೂ ನೋಡದೆ, ಕೈಮುಗಿದು, ಕಡ್ಲೆಪುರಿ ತಿಂದು ಸಹಿ ಹಾಕಿದಿರಂತೆ. ತಮ್ಮ ಭಕ್ತಿಯನ್ನು ನಾನು ಆಡಿಕೊಳ್ಳುವುದಿಲ್ಲ. ನನ್ನ ಅಂಗಡಿಯ ಬಡಗಿ ಬೀರಯ್ಯನೂ ಅಂದು ಗರಗಸಕ್ಕೆ ಕುಂಕುಮ ಇಡುತ್ತಾನೆ. ಮಾರನೆಯ ದಿನ ಒರೆಸಿ, ಹಲ್ಲಿಗೆ ಅರ ಹಾಕಿ ಹರಿತ ಮಾಡಿಯೇ ಕೆಲಸಕ್ಕೆ ಇಳಿಯುತ್ತಾನೆ. ತಮಗೆ ಆ ಮಾರನೆಯ ದಿನ ಇನ್ನೂ ಬಂದಿಲ್ಲವೇ?

ಚಾಮರಾಜನಗರದ ತಮ್ಮ ಕಚೇರಿಗೂ ಹೋಗಿದ್ದೆ. ಜಿಲ್ಲೆ ಹೊಸದು, ಕುರ್ಚಿ ಹೊಸದು, ಉತ್ತರ ಮಾತ್ರ ಹಳೆಯದು. ಸರ್ಟಿಫಿಕೇಟ್ ಇರುವ ಕಡೆ ಶಾಕ್ ಹೊಡೆಯುವುದಿಲ್ಲವೆಂದು ತಮ್ಮ ಗುಮಾಸ್ತರು ನನಗೇ ಬುದ್ಧಿ ಹೇಳಿ ಕಳಿಸಿದರು. ಮಗಳಿಗೆ ನಮ್ಮ ಅಂಗಡಿಯ ಮರದ ಮಂಚ ತರುತ್ತೇನೆಂದರೆ ನರ್ಸಿಂಗ್ ಹೋಮಿನವರು ಒಪ್ಪಲಿಲ್ಲ. ಮರದ ಮಂಚದಲ್ಲಿ ತಿಗಣೆ ಸೇರುತ್ತದಂತೆ, ರೋಗಿಗಳಿಗೆ ಅಪಾಯವಂತೆ.

ಮುಂದಿನ ತಿಂಗಳು ಮಾಹಿರಾಗೆ ಅಲ್ಲೇ ಆಪರೇಷನ್ ಮಾಡಿ ಹೆರಿಗೆ. ಅದನ್ನು ಮಾಡಬಲ್ಲ ಡಾಕ್ಟರು ಊರಿನಲ್ಲಿ ಬೇರೆ ಇಲ್ಲ. ಅಷ್ಟರೊಳಗೆ ಬನ್ನಿ. ಬೋರ್ಡಿನ ಬಾಗಿಲು ತೆರೆಸಿ, ವೈರು ಬದಲಾಯಿಸಿ, ಅರ್ತಿಂಗ್ ನೆಲ ಮುಟ್ಟಿಸಿ. ಅಲ್ಲಿಯವರೆಗೆ ಗೋಡೆಯ ಮೇಲಿನ ತಮ್ಮ ಸಹಿಯನ್ನು ಕೆಳಗಿಳಿಸಿ. ಸರಿಯಾಗಿದೆ ಎನಿಸಿದ ಮೇಲೆ ಬೂಟು ಕಳಚಿ, ಒದ್ದೆ ಕೈಯಲ್ಲಿ ಆ ಮಂಚವನ್ನು ಮೊದಲು ತಾವೇ ಹಿಡಿಯಿರಿ. ದೊಡ್ಡಮಾದಮ್ಮ ನೋವು ಹೋಯಿತೆಂದರು, ನನ್ನ ಮಗಳು ಕಿರುಚಿದಳು. ಆಗತಾನೇ ಹುಟ್ಟಿದ ಕೂಸನ್ನೂ ಅದರ ಮೇಲೇ ಮಲಗಿಸುತ್ತಾರೆ. ತನಗೆ ಏನಾಯಿತೆಂದು ಹೇಳಲು ಕೂಸಿಗೆ ಮಾತು ಬರುವುದಿಲ್ಲ, ಮಾನ್ಯರೇ.

ಇಂತಿ,
ತಾತನಾಗಲು ಹೆದರಿ ಕೂತಿರುವ
ಪೀರ್ ಪಾಷಾ,
ಮರದ ಮಂಚದ ವ್ಯಾಪಾರಿ