ಇವತ್ತಿನ ಹಾಡು ಇವತ್ತೇ

ಮಾರ್ಚ್ 9, ಬೆಳಿಗ್ಗೆ

ಮೈಕಿಗೆ ಸುತ್ತಿದ್ದ ಟವೆಲ್ ಬಿಚ್ಚಿ ಸುಣ್ಣದ ಪುಡಿ ಕೊಡವಿದೆ. ಶೆಲ್ ದಾಳಿಗೆ ಹೆದರಿ ನಮ್ಮ ರೇಡಿಯೋ ಸ್ಟುಡಿಯೋ ನೆಲಮಾಳಿಗೆಗೆ ಇಳಿದಾಗಿನಿಂದ ದಿನದ ಮೊದಲ ಕೆಲಸ ಇದೇ. ಮೇಲೆ ಲಾರಿ ಹೋದರೂ ಚಾವಣಿ ಉದುರುತ್ತದೆ. ಗೋಡೆಗೆ ಕಂಬಳಿ, ಬಾಗಿಲಿಗೆ ಕಂಬಳಿ, ಪಿಯಾನೋಗೂ ಕಂಬಳಿ. ಚಳಿಯಲ್ಲಿ ಕೂತ ನಮಗೆ ಮಾತ್ರ ಇಲ್ಲ.

ವಾರ್ತೆ ಓದಿದೆ. ಎಲ್ಲೂ ತಡವರಿಸಲಿಲ್ಲ.

ಅಕ್ಕ ಬಂದಳು. ಊರಿಗೆಲ್ಲ ದೊಡ್ಡ ಗಾಯಕಿ. ನನಗೆ, ತನ್ನ ಬಾಚಣಿಗೆ ಮುಟ್ಟಲು ಬಿಡದ ಅಕ್ಕ. ಬಂದವಳೇ ಕ್ಲಾರಿನೆಟ್ ತಾತನನ್ನು ತರಾಟೆಗೆ ತೆಗೆದುಕೊಂಡಳು — ನಿನ್ನೆ ಅರ್ಧ ತಾಳ ಹಿಂದೆ ಬಿದ್ದರಂತೆ. ತಾತ ಅಂದರು, ‘ನೀನು ಓಡ್ತೀಯಮ್ಮ. ನನಗೆ ಮಂಡಿನೋವು.’

ನಗಲು ಹೋಗಿ ಕೆಮ್ಮಿದಳು. ಒಣಕೆಮ್ಮು, ನಿಲ್ಲಲೇ ಇಲ್ಲ. ಎಲ್ಲ ಈ ಧೂಳಿನ ಪ್ರಸಾದ. ಒಂದು ವಾರ ಬಾಯಿ ಮುಚ್ಚಿಕೊಂಡಿರಿ ಎಂದಿದ್ದಾರಂತೆ ಡಾಕ್ಟರು. ‘ಯಾರಿಗಾದ್ರೂ ಹೇಳಿದ್ಯೋ, ನೋಡು ಮತ್ತೆ’ ಅಂತ ನನಗೆ ಬೆರಳು ತೋರಿಸಿದಳು.

ಹನ್ನೊಂದು ಗಂಟೆ

ಸೈನ್ಯದ ಕ್ಯಾಪ್ಟನ್ ಬಂದಿದ್ದರು. ಮುಖ ಇಳಿದಿತ್ತು. ಬೆಟ್ಟದ ಠಾಣೆಗೆ ಫೋನ್ ಲೈನ್ ಕಡಿದುಹೋಗಿದೆ. ಅಲ್ಲಿನ ಹುಡುಗರಿಗೆ ಊರಿನ ಸುದ್ದಿ ಬರುವುದು ರೇಡಿಯೋದಿಂದ ಮಾತ್ರ. ನಮ್ಮದೂ ಕೇಳುತ್ತದೆ, ಶತ್ರುಗಳದೂ ಕೇಳುತ್ತದೆ. ಶತ್ರುಗಳ ರೇಡಿಯೋದಲ್ಲಿ ಒಬ್ಬಳಿದ್ದಾಳೆ, ನಾವು ಅವಳಿಗೆ ‘ಸಕ್ಕರೆ’ ಅಂತ ಹೆಸರಿಟ್ಟಿದ್ದೇವೆ. ಅಷ್ಟು ಸಿಹಿ ದನಿ. ದಿನಾ ಮಧ್ಯಾಹ್ನ ಹೇಳುತ್ತಾಳೆ: ನಿಮ್ಮ ಊರು ಬಿದ್ದಾಗಿದೆ, ನಿಮಗೆ ಕೇಳಿಸುತ್ತಿರುವುದು ಬರೀ ಹಳೆಯ ರೆಕಾರ್ಡು.

‘ಗಾಯವಾಗಿ ಇಳಿದು ಬಂದವನು ಹೇಳಿದ, ಹುಡುಗರು ನಂಬೋಕೆ ಶುರು ಮಾಡಿದಾರೆ. ಮನೆಯೇ ಇಲ್ಲ ಅಂದ್ಮೇಲೆ ಯಾತಕ್ಕೆ ಇಲ್ಲಿ ಕೂತಿರೋದು ಅಂತಾರೆ. ನೀವು ಬದುಕಿದೀರಿ ಅಂತ ಹೇಗಾದ್ರೂ ತೋರಿಸಿ.’

ಅಕ್ಕನ ಮಗ ಆ ಬೆಟ್ಟದಲ್ಲೇ ಇದ್ದಾನೆ. ಅವಳು ಸೆರಗಿನ ತುದಿ ತಿರುಚುತ್ತಾ ಕೂತಳು.

ನಿಲಯದ ನಿರ್ದೇಶಕರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ‘ನಾನೇ ಒಂದು ಭಾಷಣ ಮಾಡ್ತೀನಿ.’

‘ಬೇಡಿ ಸಾರ್,’ ಅಕ್ಕ ಅಂದಳು. ‘ನಿಮ್ಮ ಭಾಷಣ ಕೇಳಿದ್ರೆ ಊರು ಬಿದ್ದೇ ಹೋಗಿದೆ ಅಂತ ಗ್ಯಾರಂಟಿ ಆಗತ್ತೆ.’

ಆಗ ನನ್ನ ಬಾಯಿಂದ ಬಂತು. ಸಕ್ಕರೆ ಹನ್ನೆರಡಕ್ಕೆ ಹೇಳುವುದಕ್ಕೆಲ್ಲ ಒಂದು ಗಂಟೆಗೆ ಹಾಡಿನಲ್ಲೇ ಉತ್ತರ ಕೊಟ್ಟರೆ? ಹುಡುಗರು ಎರಡನ್ನೂ ಕೇಳುತ್ತಾರೆ. ಆಗಷ್ಟೇ ಆಡಿದ ಮಾತಿಗೆ ಹಳೆಯ ರೆಕಾರ್ಡು ಉತ್ತರ ಕೊಡುತ್ತದೆಯೇ?

ಎಲ್ಲರೂ ನನ್ನನ್ನೇ ನೋಡಿದರು. ಅಕ್ಕ ಕೂಡ. ಬೈಯಲಿಲ್ಲ.

ಹನ್ನೆರಡೂ ಕಾಲು

ಸಕ್ಕರೆ ಮುಗಿಸಿದಳು. ಗಡಿಯಾರದ ಗೋಪುರ ಬಿತ್ತಂತೆ. ಬೇಕರಿಗಳು ಮುಚ್ಚಿವೆಯಂತೆ. ಹಾಡುವವಳು ಓಡಿಹೋದಳಂತೆ.

ಮೆಟ್ಟಿಲು ಹತ್ತಿ ಬೀದಿಗೆ ಓಡುತ್ತೇನೆ. ಕಣ್ಣಾರೆ ನೋಡದೆ ಒಂದು ಸಾಲೂ ಬರೆಯುವುದಿಲ್ಲ.

ಎರಡು ಗಂಟೆ

ಒಂದೂ ಬಿಡದೆ ಬರೆಯಲೇಬೇಕು.

ಗೋಪುರ ನಿಂತಿತ್ತು. ಅದರ ಗಡಿಯಾರ ಎಂದಿನಂತೆ ತಪ್ಪು. ಬೇಕರಿಯ ಮುಂದೆ ಮೂಲೆಯವರೆಗೂ ಕ್ಯೂ. ಬೇಕರಿಯಮ್ಮ ಮೈಯೆಲ್ಲ ಹಿಟ್ಟು ಮಾಡಿಕೊಂಡು ಕೂಗಿದಳು, ‘ಏನು, ನಾನು ಮುಚ್ಚಿದೀನಾ? ಅವಳಿಗೆ ಹೇಳು, ಬಂದು ಕ್ಯೂನಲ್ಲಿ ನಿಂತ್ಕೋ ಅಂತ!’ ಆಸ್ಪತ್ರೆಯ ನರ್ಸು ಬ್ರೆಡ್ಡು ಹಿಡಿದು ಓಡುತ್ತಿದ್ದಳು. ಬೆಳಿಗ್ಗೆ ಅವಳಿಮಕ್ಕಳು ಹುಟ್ಟಿವೆಯಂತೆ, ಎರಡೂ ಗಟ್ಟಿಯಂತೆ. ಅಂಗೈ ಮೇಲೆ ಗೀಚಿಕೊಂಡು ಬಂದೆ. ಅಕ್ಕ ನನ್ನ ಕೈ ಹಿಡಿದು ಓದಿದಳು, ಅಲ್ಲೇ ರಾಗಕ್ಕೆ ಕೂರಿಸಿದಳು. ತಾತ ಎರಡು ಸಲ ಊದಿ ನೋಡಿದರು. ಅಷ್ಟೇ ತಾಲೀಮು.

ಪ್ರಸಾರದ ಕೆಂಪು ದೀಪ ಹತ್ತಿತು. ಹಾಡಿದಳು —

ಬಿದ್ದಿಲ್ಲ ನಮ್ಮ ಗೋಪುರ, ಬಿದ್ದಿಲ್ಲ,
ಮುಳ್ಳು ಸರಿಯಿಲ್ಲ, ಎಂದೂ ಸರಿಯಿರಲಿಲ್ಲ!
ಬೇಕರಿ ಮುಂದೆ ಮಾರುದ್ದ ಸಾಲು,
ಅವಳಿ ಕೂಸಿಗೆ ಬಿಸಿಬಿಸಿ ಹಾಲು…

ಕೆಮ್ಮಿನ ಸುಳಿವೇ ಇಲ್ಲ. ಎಲ್ಲಿ ಬಚ್ಚಿಟ್ಟಳೋ.

ಅಷ್ಟರಲ್ಲಿ ಸೈರನ್. ಸೈರನ್ ಆದರೆ ರೆಕಾರ್ಡು ಹಾಕಿ ಕೆಳಗಿನ ಸುರಂಗಕ್ಕೆ ಓಡಬೇಕು. ಅದು ನಿಯಮ. ಗಾಜಿನ ಆಚೆ ಇಂಜಿನಿಯರ್ ರೆಕಾರ್ಡು ಎತ್ತಿ ಹಿಡಿದ. ಅಕ್ಕ ಹಾಡುತ್ತಲೇ ತಲೆಯಾಡಿಸಿದಳು — ಬೇಡ. ಅವನು ನಿರ್ದೇಶಕರ ಕಡೆ ನೋಡಿದ. ನಿರ್ದೇಶಕರು ಆ ರೆಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು ತಮ್ಮ ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತರು! ಚಟ್ ಅಂದಿತು. ಆ ಮನುಷ್ಯನ ಬಗ್ಗೆ ಇನ್ನು ಮೇಲೆ ಹಗುರವಾಗಿ ಮಾತಾಡುವುದಿಲ್ಲ.

ಎಲ್ಲೋ ಹತ್ತಿರದಲ್ಲೇ ಬಿತ್ತು. ದೀಪ ಆರಿತು. ತಾತ ಕತ್ತಲಲ್ಲೂ ಊದುತ್ತಿದ್ದರು. ಈ ಸಲ ತಾಳ ತಪ್ಪಲಿಲ್ಲ. ‘ಬ್ಯಾಟರಿ ಮೇಲಿದೀವಿ, ಪ್ರಸಾರ ಹೋಗ್ತಿದೆ, ಹೋಗ್ತಿದೆ’ ಅಂತ ಇಂಜಿನಿಯರ್ ಬಾಗಿಲಿಂದ ಪಿಸುಗುಟ್ಟಿದ. ಆಗ ಅಕ್ಕ, ನನ್ನ ಅಂಗೈಯಲ್ಲಿ ಇಲ್ಲದ ಸಾಲು ಹಾಡಿದಳು —

ಕೇಳಿಸಿತೇನೋ ಸೈರನ್ನು, ಕಂದ?
ಅದೂ ಇವತ್ತಿನದೇ, ಈಗಿನದೇ!
ಓಡಿಹೋದವಳು ನಾನೇ ಅಂತೆ —
ಹಾಗಾದರೆ ಹಾಡುವವಳು ಯಾರಂತೆ?

ಜೋರಾಗಿ ನಕ್ಕುಬಿಟ್ಟೆ. ಮೈಕ್ ಆನ್ ಇತ್ತು. ನನ್ನ ನಗುವೂ ಬೆಟ್ಟಕ್ಕೆ ಹೋಯಿತು. ಹೋಗಲಿ.

ಮುಗಿಯಿತು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು.

ಮಾರ್ಚ್ 13

ಮೂರು ದಿನ ಬರೆಯಲಾಗಲಿಲ್ಲ. ಶೆಲ್ ದಾಳಿ, ಆಸ್ಪತ್ರೆ, ವಾರ್ತೆ, ಮತ್ತೆ ಆಸ್ಪತ್ರೆ. ಅಕ್ಕನ ದನಿ ವಾಪಸ್ ಬರುತ್ತದೆ, ಆದರೆ ಮೇಲಿನ ಸ್ವರಗಳ ಆಸೆ ಬಿಡಿ ಎಂದರು ಡಾಕ್ಟರು. ಅವಳು ಗೋಡೆ ನೋಡುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

ಹಾಡಿಲ್ಲದ್ದರಿಂದ ಸಕ್ಕರೆಗೆ ಹಬ್ಬ. ಹಾಡುವವಳು ಸತ್ತಳೆಂದು ಇವತ್ತು ಶೋಕಗೀತೆ ಹಾಕಿದಳು. ಅಕ್ಕ ಆಸ್ಪತ್ರೆಯ ರೇಡಿಯೋದಲ್ಲಿ ತನ್ನದೇ ಸಾವಿನ ಸುದ್ದಿ ಕೇಳಿದಳು. ಚಪ್ಪಲಿ ಮೆಟ್ಟಿಕೊಂಡು ಸೀದಾ ಸ್ಟುಡಿಯೋಗೆ ಬಂದಳು. ಬಾಗಿಲಲ್ಲಿ ಆಗಲೇ ಜನ. ಬೇಕರಿಯಮ್ಮ, ನರ್ಸು, ಟ್ರ್ಯಾಮ್ ಡ್ರೈವರು, ಇನ್ನೂ ಯಾರ್ಯಾರೋ. ‘ನಮ್ಮ ಸಾಲು ನಾವೇ ಹಾಡ್ತೀವಿ’ ಅಂದಳು ಬೇಕರಿಯಮ್ಮ. ‘ಈಯಮ್ಮ ಗಂಟಲು ಹಾಳು ಮಾಡ್ಕೊಂಡಿದ್ದು ನಮಗೋಸ್ಕರ ತಾನೇ?’

ಹಾಡಿದರು. ಒಬ್ಬೊಬ್ಬರೂ ತಮ್ಮ ಮನೆಯ, ತಮ್ಮ ಅಂಗಡಿಯ ಒಂದೊಂದು ಸಾಲು. ಅಕ್ಕ ಪೆನ್ಸಿಲ್ ಹಿಡಿದು ತಾಳ ಹಾಕಿದಳು; ದನಿಯಿಲ್ಲದೆಯೇ ಬೈದಳು, ಎಲ್ಲರಿಗೂ ಅರ್ಥವಾಯಿತು. ಟ್ರ್ಯಾಮ್ ಡ್ರೈವರಿಗೂ ಶ್ರುತಿಗೂ ಆಗಿಬರುವುದಿಲ್ಲ. ಆದರೆ ಏನು ಗಂಟಲು! ಚಾವಣಿಯ ಸುಣ್ಣ ಉದುರಿದ್ದು ಅವನಿಂದಲೇ.

ಕೊನೆಯಲ್ಲಿ ಘೋಷಣೆ ಓದಲು ಆಗಲಿಲ್ಲ. ಎದೆ ತುಂಬಿ ಬಂದಿತ್ತು. ಇಂಥ ಊರಿನ ದನಿ ನಾನು.

ಮಾರ್ಚ್ 16, ಹನ್ನೆರಡೂವರೆ

ಬೆಟ್ಟದ ಲೈನ್ ಸರಿಯಾಯಿತು. ಬಂಕರಿನ ಸಂದೇಶವನ್ನು ಕ್ಯಾಪ್ಟನ್ ನಿಂತುಕೊಂಡೇ ಓದಿದರು, ಅಕ್ಕನ ಮಗನ ಮಾತಿನಲ್ಲೇ. ‘ಅಮ್ಮಾ, ಸೈರನ್ ಕೇಳಿದಾಗ ಇಲ್ಲಿ ಯಾರೂ ಉಸಿರಾಡಲಿಲ್ಲ. ನೀನು ಅದನ್ನೂ ಹಾಡಿದ ಮೇಲೆ ಕುಣಿದು ಬಿಟ್ಟೆವು. ಯಾರೂ ಠಾಣೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಕ್ಕಿದ್ದು ಚಿಕ್ಕಮ್ಮ ಅಂತ ತಕ್ಷಣ ಗೊತ್ತಾಯಿತು. ಟ್ರ್ಯಾಮ್ ಡ್ರೈವರನ್ನು ಮಾತ್ರ ದಯವಿಟ್ಟು ಮತ್ತೆ ಹಾಡಿಸಬೇಡಿ.’

ಅಕ್ಕ ಕ್ಯಾಪ್ಟನ್ ಕೈಯಿಂದಲೇ ಅವರ ಕರ್ಚೀಫು ಕಿತ್ತುಕೊಂಡು ಕಣ್ಣು ಒರೆಸಿಕೊಂಡಳು.

ಸಕ್ಕರೆ ಇವತ್ತು ನಮ್ಮ ಊರಿನ ಸುದ್ದಿಯನ್ನೇ ಎತ್ತಲಿಲ್ಲ.

ಅಕ್ಕ ಇವತ್ತು ಹಾಡುತ್ತಾಳಂತೆ. ದನಿ ಬಂದಿದೆ — ಒರಟು, ತಗ್ಗು, ಬೇರೆ ಯಾರದೋ ಎಂಬಂತೆ. ತಡೆದೆ. ‘ಮೇಲಿನವು ಹೋದ್ರೆ ಹೋಗಲಿ ಬಿಡೇ. ಕೆಳಗಿನವು ಎಲ್ಲಾ ಇವೆಯಲ್ಲ’ ಅಂದಳು. ತಾತ ಆಗಲೇ ಶ್ರುತಿ ಇಳಿಸಿಕೊಂಡು ಕೂತಿದ್ದಾರೆ.

ಘೋಷಣೆ ಬರೆಯಬೇಕು. ‘ಪ್ರಸಿದ್ಧ ಗಾಯಕಿ’ ಅಂತ ಬರೆದು ಹೊಡೆದುಹಾಕಿದೆ. ಮೈಕಿನ ಮುಂದೆ ಬಂಧು-ಬಳಗ ಇಲ್ಲ ಎನ್ನುವುದು ಇಲ್ಲಿನ ನಿಯಮ. ನಿರ್ದೇಶಕರನ್ನು ಕೇಳಿದೆ. ಕಿಟಕಿಯೇ ಇಲ್ಲದ ಗೋಡೆ ಕಡೆ ತಿರುಗಿ, ‘ನನಗೇನೂ ಕೇಳಿಸಲಿಲ್ಲಪ್ಪ’ ಅಂದರು.

ಹಾಗಾದರೆ ಹೀಗೆ. ‘ಶ್ರೋತೃಗಳೇ, ಈಗ ಹಾಡುತ್ತಿರುವವರು ನನ್ನ ಅಕ್ಕ.’